ಏಳನೇ ತಿಂಗಳಿಗೆ ಮುನ್ನ

ಒಬ್ಬರು: ಮುಳಬಾಗಿಲು ತಾಲ್ಲೂಕಿನಲ್ಲಿ ಅವಳಿ ಮಕ್ಕಳ ಮಾತೆತ್ತಿದರೆ ಜನ ಆವನಿ ಬೆಟ್ಟದ ಕಡೆ ಕೈ ತೋರಿಸುತ್ತಾರೆ. ವಾಲ್ಮೀಕಿಯ ಆಶ್ರಮ ಇದ್ದದ್ದು ಅಲ್ಲಿ, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲಿ ಎಂಬುದು ಊರಿನ ನಂಬಿಕೆ. ಬೆಟ್ಟದ ಮೇಲೆ ಸೀತೆಗೇ ಒಂದು ಗುಡಿಯಿದೆ, ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಹತ್ತುತ್ತಾರೆ. ಅವಳಿ ಎಂದರೆ ಇಲ್ಲಿ ಭಾಗ್ಯ. ಅಂಥ ಕಡೆಗೆ ನೀವು ಹುಟ್ಟಿನಿಂದಲೇ ಆಕಾರ ಬೇರೆಯಾದ ಗರ್ಭಕೋಶ, ಅದರಲ್ಲಿ ಅವಳಿ ಬಸಿರು ಎಂಬ ವಿಷಯವನ್ನು ಹೊತ್ತು ತಂದಿದ್ದೀರಿ. ಬೆಂಗಳೂರಿನ ಪ್ರಸೂತಿ ತಜ್ಞರು ಸಮ್ಮೇಳನದಲ್ಲಿ ಪರದೆಯ ಮೇಲೆ ಚಿತ್ರ ಹಾಕಿಕೊಂಡು ಚರ್ಚಿಸುವ ಸಂಗತಿ ಇದು. ತಾಲ್ಲೂಕು ಆಸ್ಪತ್ರೆಗೆ, ಆಶಾ ಕಾರ್ಯಕರ್ತೆಗೆ, ಬಸುರಿಯ ಅತ್ತೆಗೆ ಇದರಿಂದ ಆಗಬೇಕಾದ್ದೇನು? ರಕ್ತಹೀನತೆಯ ಮಾತಾಡಿ, ಬಿಪಿಯ ಮಾತಾಡಿ, ಕೇಳುತ್ತೇನೆ. ಕೋಟಿಗೊಬ್ಬರ ಕತೆ ಯಾಕೆ?

ಇನ್ನೊಬ್ಬರು: ಕೋಟಿಗೊಬ್ಬರು ಅಲ್ಲ, ಲೆಕ್ಕ ಹಾಕಿಯೇ ನೋಡೋಣ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ಒಂದು ವಿಮರ್ಶೆಯ ಪ್ರಕಾರ, ಸಾಮಾನ್ಯ ಹೆಂಗಸರಲ್ಲಿ 100ಕ್ಕೆ ಸುಮಾರು 5.5 ಮಂದಿಯ ಗರ್ಭಕೋಶದ ಆಕಾರದಲ್ಲಿ ಏನಾದರೊಂದು ಹುಟ್ಟುವ್ಯತ್ಯಾಸ ಇರುತ್ತದೆ. ಗರ್ಭಪಾತ ಆದವರಲ್ಲಿ ಅದು 13ರ ಮೇಲಿದೆ. ಆ ಐದೂವರೆಯಲ್ಲಿ ದೊಡ್ಡ ಪಾಲು ಒಳಗಿನ ಮೇಲ್ಭಾಗ ತುಸು ಬಾಗಿದ್ದು, ಬಸಿರಿಗೆ ಹೆಚ್ಚು ಕಾಟ ಕೊಡದ ಬಗೆ. ಅದನ್ನು ಬಿಟ್ಟುಬಿಡಿ. ನಡುವೆ ಗೋಡೆಯುಳ್ಳದ್ದು, ಎರಡು ಕೊಂಬಿನದು, ಒಂದೇ ಕೊಂಬಿನದು, ಪೂರ್ತಿ ಎರಡಾಗಿಯೇ ಉಳಿದದ್ದು ಎಲ್ಲ ಸೇರಿ 100ಕ್ಕೆ ಸುಮಾರು ಮೂರು. ಅವಳಿ ಬಸಿರು 80ಕ್ಕೋ 100ಕ್ಕೋ ಒಂದು. 2011ರ ಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15.36 ಲಕ್ಷ. ಸಾವಿರ ಜನಕ್ಕೆ 15 ಹೆರಿಗೆ ಎಂದು ಹಿಡಿದರೆ ವರ್ಷಕ್ಕೆ 23 ಸಾವಿರ ಹೆರಿಗೆ, ಇನ್ನೂರರಿಂದ ಮುನ್ನೂರು ಜೋಡಿ ಅವಳಿ, ಅವುಗಳಲ್ಲಿ ನಾವು ಮಾತಾಡುತ್ತಿರುವ ಹೆಂಗಸರು ಆರರಿಂದ ಒಂಬತ್ತು ಮಂದಿ. ಕಡಿಮೆಯೇ, ಒಪ್ಪಿದೆ. ಆದರೆ ಆ ಕೆಲವರು ಬೇರೆಲ್ಲೋ ಕೂತಿಲ್ಲ, ಇನ್ನೂರು ಮುನ್ನೂರರ ಒಳಗೇ ಇದ್ದಾರೆ. ಅವರನ್ನು ಹುಡುಕಲು ಏನು ಮಾಡಬೇಕೋ ಅದನ್ನೇ ಎಲ್ಲ ಅವಳಿ ಬಸುರಿಯರಿಗೂ ಮಾಡಬೇಕಾಗಿದೆ. ಬೇರೆ ಯಂತ್ರ ಬೇಡ, ಬೇರೆ ಯೋಜನೆ ಬೇಡ. ನನ್ನ ವಾದ ಇಷ್ಟೇ: ಇಂಥ ಬಸಿರನ್ನು ಕಾಯುವುದು ಆಪರೇಷನ್ನಲ್ಲ, ಹೊಲಿಗೆಯಲ್ಲ, ಹಾಸಿಗೆಯಲ್ಲ. ಮೂರನೇ ತಿಂಗಳಲ್ಲಿ ತಿಳಿಯುವುದು, ಏಳನೇ ತಿಂಗಳಿಗೆ ಮುನ್ನ ಹೆರಿಗೆಯ ಜಾಗ ಗೊತ್ತು ಮಾಡುವುದು, ಎರಡೇ.

ಒಬ್ಬರು: ವಾದಕ್ಕೆ ಆಮೇಲೆ ಬರೋಣ. ಕೊಂಬು, ಗೋಡೆ ಎಂದರಲ್ಲ, ಅದನ್ನು ಮೊದಲು ಬಿಡಿಸಿ ಹೇಳಿ. ಹೆಂಗಸಿನ ತಪ್ಪಿನಿಂದ ಹೀಗಾಯಿತು ಎಂದು ನಂಬುವವರು ಊರಲ್ಲಿ ಕಡಿಮೆಯಿಲ್ಲ.

ಇನ್ನೊಬ್ಬರು: ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿ ಮೂರು ತಿಂಗಳ ಭ್ರೂಣವಾಗುವ ಹೊತ್ತಿಗೇ ಇದು ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ಅಲ್ಲಿ ತಪ್ಪು ಒಪ್ಪಿನ ಮಾತೇ ಬರುವುದಿಲ್ಲ. ಹೆಣ್ಣು ಭ್ರೂಣದಲ್ಲಿ ಎಡಬಲ ಎರಡು ನಾಳಗಳಿರುತ್ತವೆ, ಮ್ಯುಲೇರಿಯನ್ ನಾಳಗಳು ಎನ್ನುತ್ತಾರೆ. ಅವು ಕೆಳಗಿನಿಂದ ಒಂದನ್ನೊಂದು ಕೂಡಿಕೊಳ್ಳುತ್ತವೆ, ಆಮೇಲೆ ನಡುವಿನ ಪದರ ಕರಗಿ ಒಂದೇ ಚೀಲವಾಗುತ್ತದೆ. ಹಳೇ ಮನೆಯ ಎರಡು ಕೋಣೆಗಳ ನಡುಗೋಡೆ ಒಡೆದು ಒಂದು ಪಡಸಾಲೆ ಮಾಡಿದ ಹಾಗೆ. ಕೂಡಿಕೊಂಡವು, ಗೋಡೆ ಮಾತ್ರ ಉಳಿಯಿತು ಎಂದರೆ ನಡುಗೋಡೆಯ ಗರ್ಭಕೋಶ. ಮೇಲ್ಭಾಗ ಕೂಡಲೇ ಇಲ್ಲ ಎಂದರೆ ಎರಡು ಕೊಂಬಿನದು. ಒಂದು ನಾಳ ಬೆಳೆಯಲೇ ಇಲ್ಲ ಅಥವಾ ಅರೆಬರೆ ಬೆಳೆಯಿತು ಎಂದರೆ ಒಂದೇ ಕೊಂಬಿನದು. ಎಲ್ಲೂ ಕೂಡದಿದ್ದರೆ ಎರಡು ಗರ್ಭಕೋಶ, ಎರಡು ಬಾಯಿ, ಕೆಲವರಲ್ಲಿ ಯೋನಿಯ ನಡುವೆಯೂ ಒಂದು ಪರದೆ. ಮೂತ್ರಪಿಂಡಗಳೂ ಅದೇ ಸಮಯದಲ್ಲಿ, ಅದೇ ಮಗ್ಗುಲಲ್ಲಿ ರೂಪುಗೊಳ್ಳುವುದರಿಂದ ಇಂಥವರಲ್ಲಿ ಕೆಲವರಿಗೆ ಒಂದು ಮೂತ್ರಪಿಂಡ ಇರುವುದೇ ಇಲ್ಲ, ಇಲ್ಲವೇ ಅದು ಜಾಗ ತಪ್ಪಿ ಕಿಬ್ಬೊಟ್ಟೆಯಲ್ಲಿ ಕೂತಿರುತ್ತದೆ. ಒಂದೇ ಮೂತ್ರಪಿಂಡದ ಮೇಲೆ ಅವಳಿಯ ಭಾರ ಬಿದ್ದರೆ ಬಿಪಿಯನ್ನು ಎರಡು ಪಟ್ಟು ಎಚ್ಚರದಿಂದ ನೋಡಬೇಕು. ಸಿಸೇರಿಯನ್‌ಗೆ ಕತ್ತಿ ಹಿಡಿದವರಿಗೂ ಅದು ಮೊದಲೇ ಗೊತ್ತಿರಬೇಕು. ಗರ್ಭಕೋಶ ನೋಡುವವರು ಪ್ರೋಬನ್ನು ಸೊಂಟದ ಎರಡೂ ಬದಿಗೆ ಒಯ್ದು ತಾಯಿಯ ಮೂತ್ರಪಿಂಡಗಳನ್ನೂ ನೋಡಲು ಎರಡು ನಿಮಿಷ ಹಿಡಿಯುತ್ತದೆ. ಆ ಎರಡು ನಿಮಿಷ ಕೇಳಿ ಪಡೆಯಬೇಕಾದ್ದು.

ಒಬ್ಬರು: ಆದರೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಬೇರೆಯೇ ಇದೆಯಲ್ಲ. ಅಮೆರಿಕದ ಅಲಬಾಮಾದಲ್ಲಿ ಎರಡು ಗರ್ಭಕೋಶದ ಹೆಂಗಸು, ಒಂದೊಂದರಲ್ಲಿ ಒಂದೊಂದು ಮಗು, 2023ರ ಡಿಸೆಂಬರ್ 19ಕ್ಕೆ ಒಂದು, 20ಕ್ಕೆ ಇನ್ನೊಂದು. 39 ವಾರ ತುಂಬಿದ ಮಕ್ಕಳು, ತಾಯಿಯೂ ಕ್ಷೇಮ. ಮೊದಲನೆಯದು ಸಹಜ ಹೆರಿಗೆ, ಎರಡನೆಯದು ಸಿಸೇರಿಯನ್. ವೈದ್ಯ ಪತ್ರಿಕೆಗಳಲ್ಲಿ ಬರುವ ಅಪರೂಪದ ಪ್ರಕರಣಗಳೂ ಬಹುತೇಕ ಹೀಗೇ ಮುಗಿಯುತ್ತವೆ. ಹಾಗಿದ್ದ ಮೇಲೆ ಹೆದರಿಸುವುದೇಕೆ?

ಇನ್ನೊಬ್ಬರು: ಬದುಕಿ ಬಂದವರು ಮಾತ್ರ ಕತೆ ಹೇಳುವ ಕಡೆ ಸಾವಿನ ಲೆಕ್ಕ ಸಿಗುವುದಿಲ್ಲ. ಐದನೇ ತಿಂಗಳಲ್ಲಿ ಎರಡನ್ನೂ ಕಳೆದುಕೊಂಡ ಹೆಂಗಸಿನ ಪ್ರಕರಣವನ್ನು ಅಪರೂಪ ಎಂದು ಯಾರೂ ಬರೆದು ಕಳಿಸುವುದಿಲ್ಲ, ಅದು ಗರ್ಭಪಾತದ ರಿಜಿಸ್ಟರಿನಲ್ಲಿ ಒಂದು ಸಾಲಾಗಿ ಮುಗಿಯುತ್ತದೆ. ಅವಳಿ ಮತ್ತು ಆಕಾರದ ವ್ಯತ್ಯಾಸ ಎರಡೂ ಇರುವವರ ಬಗ್ಗೆ ದೊಡ್ಡ ಪ್ರಯೋಗಗಳಿಲ್ಲ, ಬಿಡಿ ವರದಿಗಳು ಮತ್ತು ಹಳೇ ಕಡತಗಳನ್ನು ತಿರುವಿ ಮಾಡಿದ ಸಣ್ಣ ಅಧ್ಯಯನಗಳು. ಅವುಗಳಿಂದ ಶೇಕಡಾವಾರು ಎತ್ತಿ ಹೇಳಲು ನನಗೆ ಧೈರ್ಯವಿಲ್ಲ. ಆದರೆ ಒಂದೊಂದನ್ನು ಬೇರೆಬೇರೆಯಾಗಿ ನೋಡಿದ ಸಾಕ್ಷ್ಯ ಗಟ್ಟಿಯಿದೆ. ಆಕಾರ ಸರಿಯಿದ್ದರೂ ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಒಂದೇ ಮಗುವಿದ್ದರೂ ಒಂಟಿಕೊಂಬಿನ, ಎರಡುಕೊಂಬಿನ ಗರ್ಭಕೋಶದಲ್ಲಿ ದಿನ ತುಂಬದ ಹೆರಿಗೆ, ಮಗು ಅಡ್ಡವೋ ಬುಡಮೇಲೋ ಕೂರುವುದು, ಬೆಳವಣಿಗೆ ಕುಂಠಿತವಾಗುವುದು ಹೆಚ್ಚು. ಎರಡೂ ಕೂಡಿದರೆ ಅಪಾಯ ಇಳಿಯುತ್ತದೆ ಎನ್ನಲು ಯಾವ ಕಾರಣವೂ ಇಲ್ಲ. ಇನ್ನು ಅಲಬಾಮಾದ ಆ ತಾಯಿಗೆ ತನಗೆ ಎರಡು ಗರ್ಭಕೋಶ ಇದೆಯೆಂಬುದು ಹದಿನೇಳರ ವಯಸ್ಸಿನಲ್ಲೇ ಗೊತ್ತಿತ್ತು. ಎಂಟು ವಾರದ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಎರಡೂ ಬಸಿರು ಕಂಡಿದ್ದವು, ಹೆತ್ತದ್ದು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ. ಅದರ ಪಕ್ಕದಲ್ಲಿ ನಮಗೆ ಹತ್ತಿರದ ಬಾಂಗ್ಲಾದೇಶದ ಪ್ರಕರಣವನ್ನಿಟ್ಟು ನೋಡಿ. 2019ರ ಫೆಬ್ರುವರಿಯಲ್ಲಿ ಹಳ್ಳಿಯ ಬಡ ಹೆಂಗಸೊಬ್ಬಳು ದಿನ ತುಂಬದ ಒಂದು ಗಂಡು ಮಗು ಹೆತ್ತು ಮನೆಗೆ ಹೋದಳು. 26 ದಿನದ ಮೇಲೆ ಮತ್ತೆ ನೋವು. ಜೆಸ್ಸೋರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗಲೇ ಎರಡನೇ ಗರ್ಭಕೋಶವೂ ಅದರೊಳಗಿನ ಅವಳಿಗಳೂ ಕಂಡದ್ದು. ಅದಕ್ಕೆ ಮೊದಲು ಆಕೆಗೆ ಒಂದು ಸ್ಕ್ಯಾನೂ ಆಗಿರಲಿಲ್ಲ. ಮೂರೂ ಮಕ್ಕಳು ಉಳಿದವು, ಜಗತ್ತಿನ ಪತ್ರಿಕೆಗಳು ಅಚ್ಚರಿ ಎಂದು ಬರೆದವು. ಅಲಬಾಮಾದಲ್ಲಿ ಒಳ್ಳೇದಾದದ್ದಕ್ಕೆ ಕಾರಣ ಹೇಳಬಹುದು, ಜೆಸ್ಸೋರಿನಲ್ಲಿ ಆದದ್ದಕ್ಕೆ ಅದೃಷ್ಟ ಎನ್ನಬೇಕು. ಇವೆರಡರಲ್ಲಿ ಮುಳಬಾಗಿಲು ಯಾವುದಕ್ಕೆ ಹತ್ತಿರ ಎಂದು ನೀವೇ ಹೇಳಿ.

ಒಬ್ಬರು: ಹತ್ತಿರ ಎಂದರೆ ಎರಡರ ನಡುವೆ. ಇಲ್ಲಿ ಸ್ಕ್ಯಾನಿಂಗ್ ಕೇಂದ್ರಗಳಿವೆ, 30 ಕಿಲೋಮೀಟರ್ ದೂರದಲ್ಲಿ ಕೋಲಾರ, ಅಲ್ಲಿ ಜಿಲ್ಲಾಸ್ಪತ್ರೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಜಾಲಪ್ಪ ಆಸ್ಪತ್ರೆ. ರಸ್ತೆ ಚೆನ್ನಾಗಿದೆ. ಅದಿರಲಿ. ಆಪರೇಷನ್ನೂ ಅಲ್ಲ, ಹೊಲಿಗೆಯೂ ಅಲ್ಲ ಎಂದುಬಿಟ್ಟಿರಿ. ನಡುಗೋಡೆ ಇದ್ದರೆ ಅಂತರ್ದರ್ಶಕ ಹಾಕಿ ಕತ್ತರಿಸಿಬಿಡುತ್ತಾರೆ, ಬಾಯಿ ಸಡಿಲವಾದರೆ ಹೊಲಿಗೆ ಹಾಕುತ್ತಾರೆ, ಆರು ತಿಂಗಳು ಮಲಗಿಸುತ್ತಾರೆ. ಇಷ್ಟು ದಿನ ಮಾಡಿಕೊಂಡು ಬಂದದ್ದೆಲ್ಲ ಸುಳ್ಳೇ?

ಇನ್ನೊಬ್ಬರು: ಸುಳ್ಳಲ್ಲ, ಭರವಸೆ ಇಟ್ಟಷ್ಟು ಫಲವಿಲ್ಲ. ನಡುಗೋಡೆ ಕತ್ತರಿಸುವುದನ್ನು ದಶಕಗಳ ಕಾಲ ಪರೀಕ್ಷಿಸದೆಯೇ ಮಾಡಿಕೊಂಡು ಬಂದರು. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗ 80 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿತು. ಕತ್ತರಿಸಿಕೊಂಡವರಲ್ಲಿ 31 ಶೇಕಡ ಮಂದಿಗೆ ಜೀವಂತ ಮಗು, ಕತ್ತರಿಸದೆ ಬಿಟ್ಟವರಲ್ಲಿ 35 ಶೇಕಡ ಮಂದಿಗೆ. ಪ್ರಯೋಗ ಸಣ್ಣದು, ಕೊನೆಯ ಮಾತಲ್ಲ. ಆದರೆ ಕತ್ತರಿಸಿದರೆ ಖಂಡಿತ ಮಗು ನಿಲ್ಲುತ್ತದೆ ಎಂದು ಹೇಳಿ ಹಣ ಪಡೆಯುವವರ ಬಾಯಿ ಮುಚ್ಚಿಸಲು ಸಾಕು. ಹೇಗೂ ಅದು ಬಸಿರಿಗೆ ಮೊದಲಿನ ಮಾತು, ಅವಳಿ ನಿಂತ ಮೇಲೆ ಗೋಡೆಯನ್ನು ಯಾರೂ ಮುಟ್ಟುವುದಿಲ್ಲ. ಹೊಲಿಗೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದೇ ಮಗುವಿದ್ದು, ಹಿಂದೆ ದಿನ ತುಂಬದೆ ಹೆತ್ತಿದ್ದು, ಈಗ ಗರ್ಭಕೋಶದ ಬಾಯಿ ಗಿಡ್ಡವಾಗುತ್ತಿದ್ದರೆ ಹೊಲಿಗೆಯಿಂದ ಉಪಯೋಗವಿದೆ. ಅವಳಿಗಳಲ್ಲಿ ಬಾಯಿ ಗಿಡ್ಡವಿದೆ ಎಂಬ ಒಂದೇ ಕಾರಣಕ್ಕೆ ಹಾಕಿದಾಗ ಕೆಡುಕೇ ಆಗಿರಬಹುದೆಂದು 2005ರ ಒಂದು ವಿಶ್ಲೇಷಣೆ ಎಚ್ಚರಿಸಿತು. ಬಾಯಿ ತೆರೆದೇಬಿಟ್ಟ ಅವಳಿ ಬಸುರಿಯರಲ್ಲಿ ಹೊಲಿಗೆ ಮಕ್ಕಳನ್ನು ಉಳಿಸಿತು ಎಂದು 2020ರಲ್ಲಿ ಮೂವತ್ತರ ಆಸುಪಾಸಿನ ಹೆಂಗಸರ ಒಂದು ಪ್ರಯೋಗ ತೋರಿಸಿತು. ಅಂದರೆ ಅಳೆದು, ನೋಡಿ, ಕೆಲವರಿಗೆ ಹಾಕಬೇಕಾದ್ದು. ಅವಳಿ, ಮೇಲಾಗಿ ಗರ್ಭಕೋಶ ಸರಿಯಿಲ್ಲ, ಹಾಕಿಬಿಡೋಣ ಎನ್ನುವುದು ಚಿಕಿತ್ಸೆಯಲ್ಲ, ಗಾಬರಿ. ಮಲಗಿಸುವುದರ ಕತೆ ಎಲ್ಲಕ್ಕಿಂತ ಬೇಸರದ್ದು. ಅವಳಿ ಬಸುರಿಯನ್ನು ಹಾಸಿಗೆಗೆ ಕಟ್ಟಿಹಾಕಿದರೆ ಹೆರಿಗೆ ಮುಂದೆ ಹೋಗುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ ಅವಳಿಗಳಲ್ಲಿ ದಿನ ತುಂಬದ ಹೆರಿಗೆ ತಡೆಯಲೆಂದು ಹಾಸಿಗೆ, ಹೊಲಿಗೆ, ರಬ್ಬರ್ ಉಂಗುರ, ನೋವು ತಡೆಯುವ ಗುಳಿಗೆ ಯಾವುದನ್ನೂ ವಾಡಿಕೆಯಂತೆ ಕೊಡಬೇಡಿ ಎನ್ನುತ್ತದೆ. ಮಲಗಿದವಳ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರ ನಿಜ. ಟೊಮೆಟೊ ಬಿಡಿಸುವ ಸುಗ್ಗಿಯಲ್ಲಿ ಭಾರದ ಕ್ರೇಟು ಎತ್ತಬೇಡ, ಬಿಸಿಲಲ್ಲಿ ದಿನವಿಡೀ ಬಗ್ಗಿ ನಿಲ್ಲಬೇಡ ಎನ್ನುವುದು ಸರಿಯಾದ ಮಾತು. ಎದ್ದು ಓಡಾಡಬೇಡ ಎನ್ನುವುದು ಬೇರೆ ಮಾತು.

ಒಬ್ಬರು: ಹಾಗಾದರೆ ತಿಳಿದುಕೊಂಡು ಮಾಡುವುದೇನು? ತಡೆಯಲು ಆಗದ್ದನ್ನು ಮೂರನೇ ತಿಂಗಳಲ್ಲೇ ತಿಳಿದು ಉಳಿದ ಆರು ತಿಂಗಳು ಹೆದರಿಕೊಂಡು ಕೂರುವುದೇ?

ಇನ್ನೊಬ್ಬರು: ಮೊದಲೇ ಆಗುವ ಹೆರಿಗೆಯನ್ನು ತಡೆಯಲು ಆಗದಿರಬಹುದು, ಆ ಹೆರಿಗೆಯಲ್ಲಿ ಮಕ್ಕಳು ಸಾಯುವುದನ್ನು ತಡೆಯಬಹುದು. ಇದಕ್ಕೆ ನಮ್ಮ ಬೆಳಗಾವಿಯೇ ಸಾಕ್ಷಿ. ದಿನ ತುಂಬುವ ಮೊದಲೇ ನೋವು ಬಂದರೆ ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ, 6 ಮಿಲಿಗ್ರಾಂನಂತೆ 12 ಗಂಟೆಗೊಂದು, ಒಟ್ಟು ನಾಲ್ಕು. ಮಗುವಿನ ಶ್ವಾಸಕೋಶ ಹಣ್ಣಾಗಲು ಅದು ನೆರವಾಗುತ್ತದೆ. ಔಷಧ ಅಗ್ಗ, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇಡಬಹುದಾದದ್ದು. ಇದನ್ನು ಊರೂರಿಗೆ ಒಯ್ದರೆ ಏನಾಗುತ್ತದೆ ಎಂದು ಆರು ದೇಶಗಳಲ್ಲಿ ನೋಡಿದ ದೊಡ್ಡ ಪ್ರಯೋಗದಲ್ಲಿ ಬೆಳಗಾವಿಯೂ ಇತ್ತು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಔಷಧ ಹಂಚಿದ ಪ್ರದೇಶಗಳಲ್ಲಿ ನವಜಾತ ಶಿಶುಗಳ ಸಾವು 1000ಕ್ಕೆ 27.4, ಹಂಚದ ಕಡೆ 23.9. ಹೆಚ್ಚೇ ಆಗಿತ್ತು. ಐದು ವರ್ಷದ ಮೇಲೆ, 2020ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಇನ್ನೊಂದು ಪ್ರಯೋಗದಲ್ಲೂ ಬೆಳಗಾವಿಯವರು ಭಾಗಿಗಳು. ಅದೇ ಔಷಧ, 26ರಿಂದ 33 ವಾರದ ಬಸುರಿಯರು. ಈ ಸಲ ಔಷಧ ಪಡೆದವರ ಮಕ್ಕಳಲ್ಲಿ ಸಾವು 19.6 ಶೇಕಡ, ಪಡೆಯದವರಲ್ಲಿ 23.5. ಲಾಭ ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಬೇಗನೆ ನಿಲ್ಲಿಸಿದರು. ಔಷಧ ಬದಲಾಗಿರಲಿಲ್ಲ. ಎರಡನೇ ಸಲ ಬಸಿರಿಗೆ ಎಷ್ಟು ವಾರ ಎಂಬುದು ಸ್ಕ್ಯಾನಿಂಗ್‌ನಿಂದ ಖಚಿತವಾಗಿತ್ತು, ಹೆರಿಗೆ ಆದದ್ದು ಎಳೆ ಮಕ್ಕಳನ್ನು ನೋಡಿಕೊಳ್ಳಬಲ್ಲ ಆಸ್ಪತ್ರೆಗಳಲ್ಲಿ. ವಾರ ತಪ್ಪಿ, ಜಾಗ ತಪ್ಪಿದಾಗ ಅದೇ ಚುಚ್ಚುಮದ್ದಿನಿಂದ ಹಾನಿಯಾಯಿತು. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಇದನ್ನು ನಾನು ವಿದೇಶದಿಂದ ಹುಡುಕಿಯೂ ತರಬೇಕಾಗಿಲ್ಲ.

ಒಬ್ಬರು: ಸರಿ, ವಾರ ಗೊತ್ತಾಗಲು ಮೊದಲ ಸ್ಕ್ಯಾನ್ ಬೇಕು. ಆದರೆ ಗರ್ಭಕೋಶದ ಆಕಾರ? ಅದನ್ನು ಐದನೇ ತಿಂಗಳ ಸ್ಕ್ಯಾನಿನಲ್ಲಿ ನೋಡಿದರಾಗದೇ? ಆ ಸ್ಕ್ಯಾನ್ ಎಲ್ಲರಿಗೂ ಆಗುತ್ತದೆ. ಜೊತೆಗೆ ಸ್ಕ್ಯಾನಿಂಗ್ ಎಂದರೆ ಕಾನೂನು, ನಮೂನೆ, ಅನುಮಾನ. ಸುಮ್ಮನೆ ಹೆಚ್ಚು ಸಲ ಮಾಡಿಸಿ ಎನ್ನುವುದು ಸುಲಭವಲ್ಲ.

ಇನ್ನೊಬ್ಬರು: ಐದನೇ ತಿಂಗಳಿಗೆ ಬಾಗಿಲು ಮುಚ್ಚಿರುತ್ತದೆ. ಗರ್ಭಕೋಶ ಉಬ್ಬಿ, ಗೋಡೆ ತೆಳುವಾಗಿ, ಎರಡು ಕೊಂಬಿನ ನಡುವಿನ ಕಂದರ ಕಾಣದಂತಾಗುತ್ತದೆ. 11ರಿಂದ 13 ವಾರದ ಒಳಗೆ ಮೇಲ್ಭಾಗದ ಗೆರೆ ಇನ್ನೂ ಸ್ಪಷ್ಟ, ಎರಡು ಚೀಲಗಳು ಒಂದೇ ಕೊಂಬಿನಲ್ಲಿವೆಯೋ ಬೇರೆಬೇರೆಯೋ ಗೊತ್ತಾಗುತ್ತದೆ. ಅವಳಿಗಳಿಗೆ ಒಂದೇ ಮಾಸೋ ಎರಡೋ ಎಂಬುದೂ ಆಗಲೇ ತಿಳಿಯಬೇಕು. ಎರಡು ಚೀಲದ ನಡುವಿನ ಪೊರೆ ಮಾಸಿಗೆ ತಾಗುವ ಕಡೆ ದಪ್ಪ ತ್ರಿಕೋನ ಕಂಡರೆ ಎರಡು ಮಾಸು, ತೆಳು ಗೆರೆಯಾಗಿ ನೇರ ತಾಗಿದರೆ ಒಂದೇ. ಒಂದೇ ಮಾಸಾದರೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯುವ ಅಪಾಯವಿದೆ, 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ನೋಡಲೇಬೇಕು. ಎರಡು ಗರ್ಭಕೋಶದಲ್ಲಿ ಒಂದೊಂದಿದ್ದರೆ ಆ ಪೊರೆಯೇ ಇರುವುದಿಲ್ಲ, ಪ್ರೋಬು ಒಂದೇ ಕಡೆ ನಿಂತರೆ ಒಂದೇ ಮಗು ಎಂದು ಬರೆದುಬಿಡುವ ಸಾಧ್ಯತೆಯೂ ಇದೆ. ಇನ್ನೊಂದು ಅಪಾಯವನ್ನೂ ಹೇಳಬೇಕು. ಒಂಟಿಕೊಂಬಿನ ಗರ್ಭಕೋಶದ ಪಕ್ಕದ ಅರೆಬೆಳೆದ ಕೊಂಬಿನಲ್ಲಿ ಒಂದು ಮಗು ನಿಂತಿದ್ದರೆ ಅದು ಸಾಮಾನ್ಯವಾಗಿ ನಾಲ್ಕರಿಂದ ಆರನೇ ತಿಂಗಳ ನಡುವೆ ಒಡೆಯುತ್ತದೆ. ಹೊಟ್ಟೆಯೊಳಗೇ ರಕ್ತ ಹರಿದು ತಾಯಿಯೇ ಉಳಿಯದೆ ಹೋಗಬಹುದು. ಐದನೇ ತಿಂಗಳ ಸ್ಕ್ಯಾನಿಗೆ ಕಾಯಲು ಅಲ್ಲಿ ಸಮಯವಿಲ್ಲ. ಕಾನೂನಿನ ಮಾತಿಗೆ ಬಂದರೆ, 1994ರ ಕಾಯ್ದೆ ತಡೆದಿರುವುದು ಲಿಂಗ ಪತ್ತೆಯನ್ನು, ಅಗತ್ಯದ ಸ್ಕ್ಯಾನನ್ನಲ್ಲ. ಎಫ್ ನಮೂನೆಯಲ್ಲಿ ಕಾರಣ ಬರೆದು ಮಾಡುವ ಪರೀಕ್ಷೆಗೆ ಅಡ್ಡಿಯಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ, 2016ರಿಂದ ನಡೆದು ಬಂದ ಕಾರ್ಯಕ್ರಮ. ನಾಲ್ಕನೇ ತಿಂಗಳಿಂದ ಮುಂದಿನವರಿಗೆಂದು ಇರುವ ಆ ದಿನಕ್ಕೆ ಮೂರನೇ ತಿಂಗಳವರನ್ನೂ ಕಳಿಸಿಕೊಡಲು ಆಶಾ ಕಾರ್ಯಕರ್ತೆಗೆ ಹೊಸ ಆದೇಶ ಬೇಕೆಂದೇನೂ ನನಗನ್ನಿಸುವುದಿಲ್ಲ.

ಒಬ್ಬರು: ನೀವು ಮರೆತ ಒಂದು ಮಾತಿದೆ. ಸೊಸೆಯ ಗರ್ಭಕೋಶ ಸರಿಯಿಲ್ಲ ಎಂದು ವರದಿಯಲ್ಲಿ ಬರೆದರೆ ಆ ಕಾಗದ ವೈದ್ಯರ ಕೈಯಲ್ಲಷ್ಟೇ ಉಳಿಯುವುದಿಲ್ಲ. ಮನೆಯಲ್ಲಿ ಅದು ಬೈಗುಳವಾಗುತ್ತದೆ, ಗಂಡನಿಗೆ ಇನ್ನೊಂದು ಮದುವೆಯ ನೆಪವಾಗುತ್ತದೆ. ಮಗು ಉಳಿಸಲು ಹೋಗಿ ಮನೆ ಒಡೆದರೆ?

ಇನ್ನೊಬ್ಬರು: ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ನಿಮ್ಮ ಆಕ್ಷೇಪ ನ್ಯಾಯದ್ದು. ಒಂದಷ್ಟು ಮಾತ್ರ ಹೇಳಬಲ್ಲೆ. ವರದಿಯಲ್ಲಿ ದೋಷ, ವಿಕಾರ ಎಂಬ ಪದಗಳು ಬೇಕಿಲ್ಲ. ಎರಡು ಕೊಂಬು, ಎರಡೂ ಮಕ್ಕಳು ಬಲಗಡೆ ಎಂದು ಬರೆದರೆ ವೈದ್ಯರಿಗೆ ಸಾಕು. ತಿಳಿಯುವುದು ಮೊದಲು ಆಕೆಗೆ, ಆಕೆ ಒಪ್ಪಿದರೆ ಮನೆಯವರಿಗೆ. ಹೇಳುವಾಗಲೂ ಇದು ಆಕೆ ಹುಟ್ಟುವ ಮುನ್ನ ಆದದ್ದು, ಆಕೆಯ ನಡತೆಗೂ ಊಟಕ್ಕೂ ಸಂಬಂಧವಿಲ್ಲದ್ದು ಎಂಬುದನ್ನು ವೈದ್ಯರೇ ಬಾಯಿಬಿಟ್ಟು ಹೇಳಬೇಕು, ನರ್ಸಿನ ತಲೆಗೆ ಕಟ್ಟಬಾರದು. ತಿಳಿಯದೆ ಆರನೇ ತಿಂಗಳಲ್ಲಿ ಎರಡೂ ಹೋದರೆ ಬೈಗುಳ ನಿಲ್ಲುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಕಾರಣ ಗೊತ್ತಿಲ್ಲದ ಸಾವಿಗೆ ಊರು ಹೆಂಗಸನ್ನೇ ಕಾರಣ ಮಾಡುತ್ತದೆ.

ಒಬ್ಬರು: ಎರಡರಲ್ಲಿ ಒಂದನ್ನು ತೆಗೆಸಿ ಇನ್ನೊಂದನ್ನು ಉಳಿಸಿಕೊಳ್ಳಿ ಎನ್ನುವ ಸಲಹೆಯೂ ಇದೆಯಂತೆ.

ಇನ್ನೊಬ್ಬರು: ಇದೆ. ಬೇರೆಬೇರೆ ಮಾಸಿದ್ದರೆ ಮೂರನೇ ತಿಂಗಳಲ್ಲಿ ಮಾಡಬಹುದು, ಒಂದೇ ಮಾಸಾದರೆ ಆ ವಿಧಾನ ನಡೆಯುವುದಿಲ್ಲ, ಉಳಿದ ಮಗುವಿಗೂ ಅಪಾಯ. ಒಂಟಿಕೊಂಬಿನ ಪುಟ್ಟ ಗರ್ಭಕೋಶದಲ್ಲಿ ಎರಡೂ ನಿಂತಾಗ ಈ ಮಾತು ಬರುವುದು ಸಹಜ. ಅದು ದಂಪತಿ, ಅದರಲ್ಲೂ ಆಕೆ ತೀರ್ಮಾನಿಸಬೇಕಾದ್ದು. ಹೊರಗಿನವರು ಮಾಡಬಹುದಾದ್ದು ಆ ತೀರ್ಮಾನಕ್ಕೆ ಸಮಯ ಉಳಿಸಿಕೊಡುವುದು. ಅದಕ್ಕಿಂತ ಒಂದು ಹೆಜ್ಜೆ ಹಿಂದಕ್ಕೆ ಹೋದರೆ ನನಗೆ ಹೆಚ್ಚು ಸಿಟ್ಟು ಬರುವುದು ಬಸಿರು ನಿಲ್ಲಲೆಂದು ಅಂಡಾಣು ಹೆಚ್ಚಿಸುವ ಗುಳಿಗೆಯನ್ನು ಸ್ಕ್ಯಾನೂ ಇಲ್ಲದೆ ಬರೆದುಕೊಡುವವರ ಮೇಲೆ. ಕ್ಲೋಮಿಫೀನ್ ನುಂಗಿ ಬಸಿರಾದವರಲ್ಲಿ ಅವಳಿ 100ಕ್ಕೆ ಏಳೆಂಟು, ಸಹಜಕ್ಕಿಂತ ಎಷ್ಟೋ ಪಟ್ಟು. ಮಕ್ಕಳಾಗದೆ ಬಂದವರಲ್ಲೇ ಗರ್ಭಕೋಶದ ವ್ಯತ್ಯಾಸವೂ ಹೆಚ್ಚು. ಎರಡು ಅಪಾಯಗಳನ್ನು ಒಬ್ಬಳಲ್ಲೇ ಕೂಡಿಸುವ ಕೆಲಸ ಆ ಚೀಟಿ ಮಾಡುತ್ತದೆ. ಪ್ರನಾಳ ಶಿಶು ಕೇಂದ್ರಗಳಲ್ಲೂ ಅಷ್ಟೇ. ಆಕಾರ ಬೇರೆ ಎಂದು ಗೊತ್ತಿದ್ದೂ ಎರಡು ಭ್ರೂಣ ಇಡುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಒಬ್ಬರು: ಹೆರಿಗೆಯ ಮಾತು. ಇಷ್ಟೆಲ್ಲ ತೊಡಕಿದ್ದ ಮೇಲೆ ಸಿಸೇರಿಯನ್ ದಿನ ಗೊತ್ತುಮಾಡಿ ಮುಗಿಸುವುದೇ ಕ್ಷೇಮವಲ್ಲವೇ?

ಇನ್ನೊಬ್ಬರು: ಬಹಳ ಮಂದಿಗೆ ಕೊನೆಗೆ ಅದೇ ಆಗುತ್ತದೆ, ಕಾರಣ ಮಕ್ಕಳು ಕೂರುವ ಭಂಗಿ. ಆದರೆ ಅವಳಿ ಎಂಬ ಕಾರಣಕ್ಕೇ ಸಿಸೇರಿಯನ್ ಮಾಡಿದರೆ ಮಕ್ಕಳಿಗೆ ಹೆಚ್ಚಿನ ಒಳಿತಿಲ್ಲ ಎಂದು 2013ರಲ್ಲಿ ಇಪ್ಪತ್ತೈದು ದೇಶಗಳ ಪ್ರಯೋಗ ತೋರಿಸಿತು, ಮೊದಲ ಮಗುವಿನ ತಲೆ ಕೆಳಗಿದ್ದರೆ. ದಿನ ಮುಂಚಿತವಾಗಿ ಕೊಯ್ದು ತೆಗೆದರೆ ನಾವೇ ದಿನ ತುಂಬದ ಮಕ್ಕಳನ್ನು ಹುಟ್ಟಿಸಿದಂತೆ. ಬೇರೆಬೇರೆ ಮಾಸಿದ್ದು ತೊಂದರೆಯಿಲ್ಲದಿದ್ದರೆ 37 ವಾರ ದಾಟಿಸಬಹುದು. ನಾನು ಹೆಚ್ಚು ಒತ್ತಿ ಹೇಳುವುದು ರಕ್ತದ ಬಗ್ಗೆ. ಅವಳಿಯಿಂದ ಹಿಗ್ಗಿದ ಗರ್ಭಕೋಶ ಹೆರಿಗೆಯಾದ ಮೇಲೆ ಗಟ್ಟಿಯಾಗಿ ಕುಗ್ಗುವುದು ನಿಧಾನ, ಸ್ನಾಯು ಅರ್ಧವೇ ಇರುವ ಕೊಂಬಿನಲ್ಲಿ ಇನ್ನೂ ನಿಧಾನ. ದೇಶದ ಬಸುರಿಯರಲ್ಲಿ 52.2 ಶೇಕಡ ಮಂದಿಗೆ ರಕ್ತಹೀನತೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ನೀವು ಮೊದಲಿಗೇ ರಕ್ತಹೀನತೆಯ ಮಾತಾಡಿ ಎಂದಿರಿ, ಅದು ಈ ವಿಷಯದ ಒಳಗೇ ಇದೆ. ಎಂಟು ಗ್ರಾಂ ಹಿಮೋಗ್ಲೋಬಿನ್ನಿನ ಅವಳಿ ತಾಯಿಗೆ ಕಬ್ಬಿಣದ ಗುಳಿಗೆ ಸಾಲದು, ಏಳನೇ ತಿಂಗಳಿಗೆ ಮುನ್ನ ನಾಳದ ಮೂಲಕ ಕಬ್ಬಿಣ ಏರಿಸಬೇಕು. ಹೆರಿಗೆಯ ದಿನ ಕೋಲಾರದ ರಕ್ತನಿಧಿಯಲ್ಲಿ ಆಕೆಯ ಗುಂಪಿನ ಎರಡು ಬಾಟಲಿ ತಯಾರಿರಬೇಕು.

ಒಬ್ಬರು: ಪದೇಪದೇ ಏಳನೇ ತಿಂಗಳು ಎನ್ನುತ್ತೀರಿ. ಏಳನೇ ತಿಂಗಳಲ್ಲಿ ನಮ್ಮಲ್ಲಿ ಏನಾಗುತ್ತದೆ ಗೊತ್ತಲ್ಲ? ಬಳೆ ತೊಡಿಸಿ, ಮಡಿಲು ತುಂಬಿ, ಚೊಚ್ಚಿಲ ಬಸುರಿಯನ್ನು ತವರಿಗೆ ಕರೆದೊಯ್ಯುತ್ತಾರೆ. ಮುಳಬಾಗಿಲಿನ ಎಷ್ಟೋ ಸೊಸೆಯರ ತವರು ಪಲಮನೇರು, ವಿ.ಕೋಟ, ಪುಂಗನೂರು. ನಂಗಲಿ ದಾಟಿದರೆ ಆಂಧ್ರ.

ಇನ್ನೊಬ್ಬರು: ಅದೇ ನನ್ನ ಚಿಂತೆ. 28 ವಾರ ಎಂದರೆ ಇಂಥ ಬಸಿರು ತಿರುಗಿಬೀಳುವ ಹೊತ್ತು. ಅಲ್ಲಿಯವರೆಗೆ ನೋಡಿದ ವೈದ್ಯರು, ತಾಯಿ ಕಾರ್ಡು, ಆಶಾ ಕಾರ್ಯಕರ್ತೆ, 108ರ ವಾಹನ ಎಲ್ಲ ಈ ಕಡೆ. ಹುಡುಗಿ ಆ ಕಡೆ. ನೋವು ಕಾಣಿಸಿದ ರಾತ್ರಿ ಅಲ್ಲಿನ ನರ್ಸಿನ ಎದುರು ಕೂತವಳು ಯಾರೋ ಹೊಸಬಳು. ಅವಳಿ ಎಂದು ಹೊಟ್ಟೆ ಮುಟ್ಟಿ ಗೊತ್ತಾದೀತು, ಎರಡು ಕೊಂಬು ಎಂದು ಹೇಗೆ ಗೊತ್ತಾಗಬೇಕು? 2014ರ ಕೇಂದ್ರದ ಮಾರ್ಗಸೂಚಿಯಂತೆ 24ರಿಂದ 34 ವಾರದೊಳಗೆ ನೋವು ಬಂದರೆ ಹಳ್ಳಿಯ ಆರೋಗ್ಯ ಸಹಾಯಕಿ ಎಎನ್‌ಎಂ ಕೂಡ ಡೆಕ್ಸಾಮೆಥಾಸೋನಿನ ಮೊದಲ ಡೋಸ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಬಹುದು. ಆದರೆ ವಾರ ಎಷ್ಟು ಎಂದು ಬರೆದ ಕಾಗದ ಆಕೆಯ ಅತ್ತೆಮನೆಯ ಬೀರುವಿನಲ್ಲಿದ್ದರೆ ಯಾರು ಧೈರ್ಯ ಮಾಡುತ್ತಾರೆ?

ಒಬ್ಬರು: ಹಾಗೆಂದು ತವರಿಗೆ ಹೋಗಬೇಡ ಎನ್ನಲಾದೀತೇ? ಅಮ್ಮನ ಕೈ ಊಟ, ಒಂದಷ್ಟು ನಿದ್ದೆ ಆಕೆಗೆ ಸಿಗುವುದೇ ಅಲ್ಲಿ. ನಿಮ್ಮ ವೈದ್ಯಶಾಸ್ತ್ರ ಅದನ್ನೂ ಕಿತ್ತುಕೊಳ್ಳುತ್ತದೆಯೇ?

ಇನ್ನೊಬ್ಬರು: ಕಿತ್ತುಕೊಳ್ಳಬಾರದು. ಶಾಸ್ತ್ರವನ್ನು ಐದನೇ ತಿಂಗಳಲ್ಲಿ ಮಾಡುವ ಮನೆತನಗಳೂ ಇವೆ, ಆಗ ಮಾಡಿ ಹದಿನೈದು ದಿನ ಇದ್ದು ಬರಲಿ. ಅಮ್ಮನೇ ಇಲ್ಲಿಗೆ ಬಂದರೆ ಇನ್ನೂ ಒಳ್ಳೆಯದು. ಇಲ್ಲ, ತವರಲ್ಲೇ ಹೆರಿಗೆ ಎಂದಾದರೆ ಅದನ್ನು 24 ವಾರದೊಳಗೆ ತೀರ್ಮಾನಿಸಬೇಕು. ಪಲಮನೇರಿನ ಪಕ್ಕದ ಸಣ್ಣ ನರ್ಸಿಂಗ್ ಹೋಂ ಸಾಲದು, ಕುಪ್ಪಂನ ಪಿಇಎಸ್ ವೈದ್ಯಕೀಯ ಕಾಲೇಜಿನಂಥ ಕಡೆ ಮೊದಲೇ ಹೆಸರು ಬರೆಸಿ, ಅಲ್ಲಿ ಒಂದು ಸಲ ತೋರಿಸಿಕೊಂಡು, ಆಮೇಲೆ ತವರಿಗೆ ಹೋಗಬೇಕು. ಈ ಕಡೆ ಇರುವವರಿಗೆ ಕೋಲಾರವೋ, ಬೆಂಗಳೂರಿನ ವಾಣಿ ವಿಲಾಸವೋ ಎಂಬುದೂ ಆಗಲೇ ಗೊತ್ತಾಗಬೇಕು. ಎಳೆಯ ಅವಳಿಗಳಿಗೆ ನಿಗಾ ಘಟಕದಲ್ಲಿ ಎರಡು ತೊಟ್ಟಿಲು ಬೇಕು, ಒಂದೇ ಖಾಲಿಯಿದ್ದರೆ ಒಂದು ಮಗುವನ್ನು ಆಂಬುಲೆನ್ಸಿನಲ್ಲಿ ಬೇರೆ ಊರಿಗೆ ಸಾಗಿಸಬೇಕಾಗುತ್ತದೆ. ಹುಟ್ಟಿದ ಮೇಲೆ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಸಾಗಿಸಿದ ಮಕ್ಕಳು ಹೆಚ್ಚು ಉಳಿಯುತ್ತವೆ. ಇದು ಹಳೆಯ ಅನುಭವ.

ಒಬ್ಬರು: ಕೂಲಿ ಬಿಟ್ಟು, ದೊಡ್ಡ ಮಗುವನ್ನು ಯಾರಿಗೋ ಒಪ್ಪಿಸಿ, ಎಷ್ಟು ಸಲ ಓಡಾಡಬೇಕು ಎಂಬುದನ್ನೂ ಲೆಕ್ಕಕ್ಕೆ ತಗೊಳ್ಳಿ. ಬೈರಕೂರಿನಿಂದ ಮುಳಬಾಗಿಲಿಗೆ ಬರುವುದೇ ಒಂದು ದಿನದ ಕೆಲಸ ಎನ್ನುವವರಿದ್ದಾರೆ.

ಇನ್ನೊಬ್ಬರು: ಒಪ್ಪಿದೆ, ಅದಕ್ಕೇ ಕಡಿಮೆ ಓಡಾಟದ ದಾರಿ ಹೇಳುತ್ತಿದ್ದೇನೆ. 12ನೇ ವಾರ, 20ನೇ ವಾರ ತಪ್ಪುವಂತಿಲ್ಲ. ನಡುವೆ ಗರ್ಭಕೋಶದ ಬಾಯಿಯ ಉದ್ದ ಅಳೆಯುವುದು ಮುಳಬಾಗಿಲಿನಲ್ಲೇ ಆಗಬೇಕು, ಅಳತೆ ಎರಡೂವರೆ ಸೆಂಟಿಮೀಟರಿಗಿಂತ ಇಳಿದರೆ ಮಾತ್ರ ಕೋಲಾರ. ಮಾಸು ಒಂದೇ ಆದವರಿಗೆ ರಿಯಾಯಿತಿ ಇಲ್ಲ, ಅವರು ಹೆಚ್ಚು ಸಲ ಬರಲೇಬೇಕು, ಅವರ ಬಸ್ ಖರ್ಚನ್ನು ಯಾರಾದರೂ ಕೊಡಬೇಕು. ತಾಯಿ ಕಾರ್ಡಿನ ಹಿಂಬದಿಗೆ ಒಂದು ಚೀಟಿ ಅಂಟಿಸಿ. ಅವಳಿ, ಎಷ್ಟು ಮಾಸು, ಗರ್ಭಕೋಶದ ಆಕಾರ, ಯಾವ ಕೊಂಬಿನಲ್ಲಿ ಯಾವ ಮಗು, ತಾಯಿಗೆ ಎಷ್ಟು ಮೂತ್ರಪಿಂಡ, ಮೊದಲ ಸ್ಕ್ಯಾನಿನ ಪ್ರಕಾರ ದಿನ ತುಂಬುವ ತಾರೀಖು, ನೋವು ಬಂದರೆ ಯಾವ ಆಸ್ಪತ್ರೆ, ಡೋಸ್ ಕೊಟ್ಟ ಹೊತ್ತು. ಕಾರ್ಡು ಬೀರುವಿನಲ್ಲಿರದೆ ಆಕೆಯ ಕೈಚೀಲದಲ್ಲಿರಬೇಕು.

ಒಬ್ಬರು: ಚೀಟಿ ಕನ್ನಡದಲ್ಲೋ, ತೆಲುಗಿನಲ್ಲೋ?

ಇನ್ನೊಬ್ಬರು: ನಂಗಲಿಯ ಆಚೆ ಓದುವವರು ತೆಲುಗಿನವರಾದರೆ ತೆಲುಗಿನಲ್ಲೂ ಬರೆಯಿರಿ. ತಾರೀಖು, ಡೋಸಿನ ಹೊತ್ತು ಅಂಕಿಯಲ್ಲಿದ್ದರೆ ಎರಡು ಕಡೆಯವರೂ ಓದುತ್ತಾರೆ.